ಕೊರಳಿಗೊಂದು ಮೊನೆಯಿಲ್ಲದ ಚೂರಿ

ನನ್ನ ಹಳೆಯ ದಿನಚರಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪಟ್ಟಿ ಇದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ದೊಡ್ಡಪ್ಪನ ಜೊತೆ ಹೋಗಿ ತೆಗೆದ ಜೇನು: ಹದಿನೇಳು. ಇಬ್ಬರಲ್ಲಿ ಯಾರಾದರೂ ಚೂರಿಯನ್ನು ಎಲ್ಲೋ ಇಟ್ಟು ಆಮೇಲೆ ಹುಡುಕಿದ್ದು: ಇಪ್ಪತ್ಮೂರು ಸಲ. ಅತಿ ಹೆಚ್ಚು ಹೊತ್ತು ಹುಡುಕಿದ್ದು: ಹನ್ನೊಂದು ನಿಮಿಷ. ಕೊನೆಗೂ ಸಿಗದೇ ಹೋದ ಚೂರಿ: ಎರಡು.

ಜೇನು ತೆಗೆಯುವುದೆಂದರೆ ಜೇನುತುಪ್ಪ ಹಿಂಡಿಕೊಂಡು ಬರುವುದಲ್ಲ. ಗೋಡೆಯ ಸಂದಿನಲ್ಲೋ ಹುತ್ತದಲ್ಲೋ ಮರದ ಪೊಟರೆಯಲ್ಲೋ ಇರುವ ತುಡುವೆ ಜೇನಿನ ಸಂಸಾರವನ್ನು ಇಡಿಯಾಗಿ, ಜೀವಸಹಿತ ಪೆಟ್ಟಿಗೆಗೆ ತರುವುದು. ಮೇಣದ ಹಲಗೆಯಂತಿರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಪೆಟ್ಟಿಗೆಯ ಮರದ ಚೌಕಟ್ಟಿಗೆ ಹೊಂದುವ ಹಾಗೆ ಅಂಚು ಸವರಿ, ಬಾಳೆ ನಾರಿನಿಂದ ಕಟ್ಟಬೇಕು. ಎರಡು ಮೂರು ದಿನದಲ್ಲಿ ಹುಳಗಳೇ ಎರಿಯನ್ನು ಚೌಕಟ್ಟಿಗೆ ಮೇಣದಿಂದ ಅಂಟಿಸಿಕೊಂಡು, ನಾರನ್ನು ಕಡಿದು ಬಾಗಿಲಿನಿಂದ ಹೊರಗೆ ಎಸೆಯುತ್ತವೆ. ನಾರು ಹೊರಗೆ ಬಿತ್ತೆಂದರೆ ಅವು ಮನೆಯನ್ನು ಒಪ್ಪಿಕೊಂಡವು ಎಂದು ಅರ್ಥ. ಈ ಕೆಲಸದಲ್ಲಿ ಎರಡೂ ಕೈ ತುಂಬಿರುತ್ತದೆ. ಎಡಗೈಯಲ್ಲಿ ಎರಿ, ಬಲಗೈಯಲ್ಲಿ ಚೂರಿ. ನಾರು ಕಟ್ಟಬೇಕಾದಾಗ ಚೂರಿಯನ್ನು ಎಲ್ಲಿಡುವುದು? ನೆಲಕ್ಕೆ. ತರಗೆಲೆಯ ಮೇಲೆ, ತುಪ್ಪ ಮೆತ್ತಿದ ಚೂರಿ, ಹಿಂದಕ್ಕೆ ತಿರುಗುವಷ್ಟರಲ್ಲಿ ತರಗೆಲೆಯೇ ಆಗಿಬಿಡುತ್ತದೆ.

ನಾನು ಶಿರಸಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ತೂಗುವುದು, ಅಳೆಯುವುದು, ಪಟ್ಟಿ ಮಾಡುವುದು ನನ್ನ ಕೆಲಸ. ಕೆಲಸಕ್ಕೆ ಅನುಕೂಲವಾಗಲೆಂದು ದೊಡ್ಡಪ್ಪ ದೊಡ್ಡಾಯಿಯರ ಮನೆಯಲ್ಲಿ ಇದ್ದೇನೆ. ದೊಡ್ಡಪ್ಪ ಮೂವತ್ತು ವರ್ಷಕ್ಕೂ ಮಿಕ್ಕಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಜೇನು ತೆಗೆದವರು. ಅವರದ್ದೊಂದು ನಿಯಮ. ಚೂರಿ ಹಿಡಿದವರು ಮುಂದೆ, ಹೊಗೆ ಹಿಡಿದವರು ಹಿಂದೆ. ಹೊಗೆ ಹಿಡಿದವರು ಬಾಯಿ ಹಾಕುವಂತಿಲ್ಲ. ಎಷ್ಟು ಕೊಯ್ಯಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಚೂರಿಯವರ ತೀರ್ಮಾನ. ಆರು ವರ್ಷ ನಾನು ಹಿಂದೆ ನಿಂತು ಹೊಗೆ ಬಿಟ್ಟೆ.

ಆ ವರ್ಷ ದೊಡ್ಡಪ್ಪನ ಬಲಗೈ ನಡುಗಲು ಶುರುವಾಯಿತು. ಚಹಾದ ಲೋಟ ಹಿಡಿದರೆ ಗೊತ್ತಾಗುತ್ತಿತ್ತು. ನವೆಂಬರ್‌ನಲ್ಲಿ ತ್ಯಾಗಲಿ ಎಂಬ ಊರಿನ ಒಂದು ಹುತ್ತದ ಮುಂದೆ ಕೂತಾಗ ಅವರು ಚೂರಿಯನ್ನು ನನ್ನ ಕಡೆ ಚಾಚಿ, ಹೊಗೆಯ ತಿದಿಯನ್ನು ತಾವು ತೆಗೆದುಕೊಂಡರು. ನಾನು ಮುಂದೆ ಕೂತ ಮೊದಲ ದಿನ ಅದು. ನಾಲ್ಕು ಎರಿ ಚೆನ್ನಾಗಿಯೇ ಬಂತು. ಐದನೆಯದು ತುಪ್ಪದ ಭಾರದ ಎರಿ, ಎಡ ಅಂಗೈ ಮೇಲೆ ಇಟ್ಟುಕೊಂಡು ಅಂಚು ಸವರಲು ಚೂರಿಗೆ ಕೈ ಹಾಕಿದರೆ ಚೂರಿ ಇಲ್ಲ.

"ಎಂತ ಹುಡುಕ್ತಾ ಇದ್ದೆ?" ತಿದಿಯನ್ನು ಕೆಳಗಿಟ್ಟು ಕೇಳಿದರು ದೊಡ್ಡಪ್ಪ.

"ಎಂತ ಇಲ್ಲೆ."

"ಚೂರಿ ಎಲ್ಲಿದ್ದು?"

"ಇಲ್ಲೇ ಇಟ್ಟಿದ್ದಿ."

ಹನ್ನೊಂದು ನಿಮಿಷ. ಚೂರಿ ಸಿಗುವಷ್ಟರಲ್ಲಿ ಬಿಸಿಲಿಗೆ ಎರಿ ಮೆತ್ತಗಾಗಿ ಅಂಗೈಯಲ್ಲೇ ಮುರಿದು ಬಿತ್ತು. ತುಪ್ಪ ನೆಲಕ್ಕೆ ಹರಿಯಿತು, ಪೆಟ್ಟಿಗೆಗೂ ಮೆತ್ತಿತು, ಆ ವಾಸನೆಗೆ ಕೆಂಪಿರುವೆ ಸಾಲುಗಟ್ಟಿತು. ಮೂರನೇ ದಿನ ನೋಡಿದರೆ ಪೆಟ್ಟಿಗೆ ಖಾಲಿ. ಕಟ್ಟಿದ ನಾರು ಕಟ್ಟಿದ ಹಾಗೇ ಇತ್ತು. ಹುಳಗಳು ಒಂದು ಎಳೆಯನ್ನೂ ಕಡಿದಿರಲಿಲ್ಲ.

ದೊಡ್ಡಪ್ಪ ಬೈಯಲಿಲ್ಲ. ಉಳಿದ ಜೇನುಗಳನ್ನು ಮತ್ತೆ ತಾವೇ ತೆಗೆದರು. ಫೆಬ್ರುವರಿಯ ಕೊನೆಯದರಲ್ಲಿ ಚೂರಿ ಜಾರಿ ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೇಳಿದ ಮಾತು ಮಾರ್ಚ್ ಎರಡರ ಪುಟದಲ್ಲಿದೆ.

"ಯನ್ನ ಕೈ ಇನ್ನು ಹೊಗೆ ಹಿಡಿಯಲೆ ಮಾತ್ರ. ಚೂರಿ ಹಿಡಿಯವು ಇಲ್ಲೆ ಹೇಳಾದ್ರೆ ಪೆಟ್ಟಿಗೆ ಎಲ್ಲ ಯಾರಿಗಾದ್ರೂ ಕೊಟ್ಟು ಸುಮ್ನಾಪ್ದು."

"ಆನಿದ್ನಲಾ," ಎಂದೆ.

"ನೀ ಇದ್ದೆ. ನಿನ್ನ ಚೂರಿ ಎಲ್ಲಿದ್ದು?"

ಆಮೇಲೆ ಅವರು ಒಂದು ಜೇನಿನ ವಿಷಯ ಹೇಳಿದರು. ಯಲ್ಲಾಪುರದಲ್ಲಿ ಅವರ ಪರಿಚಯದವರೊಬ್ಬರ ಕೊಟ್ಟಿಗೆಯ ಮೇಲೆ ಒಂದು ಹಳೆಯ ಮಾವಿನ ಮರ ವಾಲಿದೆ. ಡಿಸೆಂಬರ್‌ನಲ್ಲಿ ಕಡಿಸುತ್ತಾರೆ. ಅದರ ಪೊಟರೆಯಲ್ಲಿ ದೊಡ್ಡ ತುಡುವೆ ಇದೆ. ಅದನ್ನು ನಾನು ತೆಗೆಯಬೇಕು. ಅದು ಪೆಟ್ಟಿಗೆಯಲ್ಲಿ ನಿಂತರೆ ಕೆಲಸ ಮುಂದುವರಿಯುತ್ತದೆ. ನಿಲ್ಲದಿದ್ದರೆ ನಮ್ಮ ಮನೆಯಿಂದ ಇನ್ನು ಯಾರೂ ಜೇನು ತೆಗೆಯಲು ಹೋಗುವುದಿಲ್ಲ. ಅಂದರೆ ನನಗೆ ಒಂಬತ್ತು ತಿಂಗಳಿತ್ತು. ಅಂದೇ ಹೊಸ ಪುಟ ತೆರೆದು ಮೇಲೆ "ಚೂರಿ" ಎಂದು ಬರೆದೆ.

ಮೊದಲು ಎಲ್ಲಿಡುವುದು ಎಂಬ ಪ್ರಶ್ನೆ. ಸೊಂಟಕ್ಕೆ ಕಟ್ಟಿ ನೋಡಿದೆ. ಕುಕ್ಕರಗಾಲಿನಲ್ಲಿ ಕೂತರೆ ಹಿಡಿ ಹೊಟ್ಟೆಗೆ ಚುಚ್ಚುತ್ತದೆ, ಉದ್ದ ಅಂಗಿಯ ಅಡಿಗೆ ಹೋಗಿ ಕೈಗೂ ಸಿಗುವುದಿಲ್ಲ. ಮಣಿಕಟ್ಟಿಗೆ ದಾರ ಕಟ್ಟಿದರೆ ಚೂರಿ ತೂಗಾಡಿ ಎರಿಗೆ ತಾಗುತ್ತದೆ. ಕಿಸೆಯಲ್ಲಿಡಲು ಮಡಚುವ ಚಾಕು ಬೇಕು. ಕೈಗೆ ತುಪ್ಪ ಬಳಿದುಕೊಂಡು ಒಂದು ಮಡಚುವ ಚಾಕುವನ್ನು ಹತ್ತು ಸಲ ಬಿಡಿಸಿ ನೋಡಿದೆ. ಬರೀ ಕೈಯಲ್ಲಿ ಬಿಚ್ಚಿಕೊಂಡಿದ್ದು ನಾಲ್ಕು ಸಲ, ಹಲ್ಲಿನಿಂದ ಎಳೆದಿದ್ದು ಆರು ಸಲ. ಮರುದಿನ ಕೀಲಿನೊಳಗೆ ಮೇಣ ಸೇರಿ ಅದು ತೆರೆಯಲೇ ಇಲ್ಲ. ಹಾಗಾಗಿ ಮಡಚದ ಚೂರಿಯೇ ಬೇಕು. ಕೂತಾಗ, ನಿಂತಾಗ, ಏಣಿ ಹತ್ತಿದಾಗ ಎರಡೂ ಕೈಗೆ ಒಂದೇ ದೂರದಲ್ಲಿರುವ ಜಾಗ ಮೈಮೇಲೆ ಒಂದೇ ಒಂದು. ಎದೆಯ ನಡುವೆ. ಒರೆ ತಲೆಕೆಳಗಾಗಿ ತೂಗಬೇಕು. ಹಿಡಿ ಕೆಳಗೆ, ಅಲಗು ಮೇಲೆ. ಕೆಳಕ್ಕೆ ಎಳೆದರೆ ಚೂರಿ ಕೈಗೆ, ಮೇಲಕ್ಕೆ ಒತ್ತಿದರೆ ಒರೆಗೆ.

ಮಾಡಿಸುವ ಮೊದಲು ಅಳತೆ ಗೊತ್ತಾಗಬೇಕಲ್ಲ. ರಟ್ಟಿನಲ್ಲಿ ಐದು ಅಳತೆಯ ಚೂರಿ ಕತ್ತರಿಸಿದೆ. ಪ್ರಯೋಗಾಲಯದ ಹಳೆಯ ತೂಕದ ಬಿಲ್ಲೆಗಳನ್ನು ಕೇಳಿ ತಂದು ಅವುಗಳಿಗೆ ಅಂಟಿಸಿದೆ. ಒಂದೊಂದನ್ನು ಒಂದೊಂದು ವಾರ ಕೊರಳಿಗೆ ಹಾಕಿಕೊಂಡು ಕಸ ಗುಡಿಸಿದೆ, ಬಟ್ಟೆ ಒಗೆದೆ, ಬಾವಿಯಿಂದ ನೀರು ಸೇದಿದೆ. ದೊಡ್ಡಾಯಿ ಒಂದು ವಾರ ಸುಮ್ಮನಿದ್ದವರು ಎರಡನೇ ವಾರ ಬಾಯಿ ಬಿಟ್ಟರು.

"ಇದೆಂತದೇ ಕೂಸೆ, ದೃಷ್ಟಿಗೊಂಬೆಗೆ ಕಟ್ಟಿದಾಂಗೆ?"

"ಚೂರಿ ದೊಡ್ಡಾಯಿ. ಈಗ ರಟ್ಟಿಂದು. ಆಮೇಲೆ ಕಬ್ಬಿಣದ್ದು."

"ಯಮ್ಮ! ಕುತ್ತಿಗೆಗೆ ಎಂತ ಕಟ್ಟವು ಹೇಳಿ ಯಂಗ ವಿಚಾರ ಮಾಡ್ತಾ ಇದ್ರೆ ನೀನು ಚೂರಿ ಕಟ್ಕ್ಯಂಡು ಕೂತ್ಯನೇ? ಕೂಸಿನ ನೋಡಲೆ ಬಂದವು ಎದ್ದು ಓಡ್ತ."

"ಓಡವು ಓಡ್ಲಿ. ಓಡದ್ದೇ ಇದ್ದವಂಗೆ ಹೊಗೆ ಹಿಡಿಯಲೆ ಬತ್ತಾ ಕೇಳನ."

ಒಳಗಿನಿಂದ ದೊಡ್ಡಪ್ಪ ನಕ್ಕಿದ್ದು ಕೇಳಿಸಿತು. ಅವರು ನಕ್ಕ ದಿನ ಏಪ್ರಿಲ್ ಹತ್ತೊಂಬತ್ತು. ಹೆಬ್ಬೆರಳಿಗೆ ಪೆಟ್ಟಾದ ಮೇಲೆ ಅದೇ ಮೊದಲು.

ಐದು ವಾರದ ಫಲಿತಾಂಶ ಹೀಗಿತ್ತು. ನೂರು ಗ್ರಾಂ ಮೀರಿದರೆ ಸಂಜೆಗೆ ಕತ್ತು ನೋಯುತ್ತದೆ. ಒಟ್ಟು ಉದ್ದ ಒಂದು ಗೇಣಿಗಿಂತ ಹೆಚ್ಚಾದರೆ ಬಗ್ಗಿದಾಗ ತುದಿ ಗದ್ದಕ್ಕೆ ತಾಗುತ್ತದೆ. ಅಲಗು ನಾಲ್ಕು ಬೆರಳಿನಷ್ಟು ಸಾಕು, ತುಡುವೆಯ ಎರಿ ಅದಕ್ಕಿಂತ ದಪ್ಪ ಇರುವುದಿಲ್ಲ.

ಶಿರಸಿ ಬಸ್ ನಿಲ್ದಾಣದ ಹತ್ತಿರದ ಒಂದು ಕಬ್ಬಿಣದ ಅಂಗಡಿಗೆ ಹೋದೆ. ಅಂಗಡಿಯವರು ಪೂರ್ವದ ಬಯಲುಸೀಮೆಯವರು, ಮಾತಿಗೆ ಕೂತರೆ ಬಿಡುವವರಲ್ಲ.

"ಬರ್ರಿ ಅಕ್ಕಾರ, ಏನ್ ಬೇಕಿತ್ರಿ?"

"ಕುತ್ತಿಗೆಗೆ ಹಾಕ್ಕೊಳ್ಳೋ ಚೂರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಯಾರ ಮ್ಯಾಲ ಸಿಟ್ಟ ಬಂದೈತ್ರಿ?"

"ಯಾರ ಮೇಲೂ ಇಲ್ಲ. ಜೇನಿಗೆ."

"ಜೇನು ಏನ್ ಮಾಡ್ಯಾವ್ರಿ ಪಾಪ!" ಎಂದು ನಗುತ್ತ ಅವರು ಗಾಜಿನ ಕಪಾಟಿನಿಂದ ಒಂದು ಕಪ್ಪು ಚೂರಿ ತೆಗೆದರು. ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯಲ್ಲಿ ದಿಕ್ಸೂಚಿ. "ಮಿಲಿಟರಿ ಮಾಡಲ್ ಐತ್ರಿ. ಕಾಡಿನ್ಯಾಗ ದಾರಿ ತಪ್ಪಿದ್ರೂ ಮನಿಗೆ ಬರಬಹುದು."

ಕೇಳಿ ಒಂದು ದಿನಕ್ಕೆ ಮನೆಗೆ ತಂದು ತೂಗಿದೆ. ಇನ್ನೂರ ಹತ್ತು ಗ್ರಾಂ. ಬಗ್ಗಿದ ಕೂಡಲೇ ಗದ್ದಕ್ಕೆ ಹೊಡೆಯಿತು. ಮರುದಿನ ವಾಪಸು ಕೊಟ್ಟೆ. ಆಮೇಲೆ ಅಡುಗೆಮನೆಯ ಸಣ್ಣ ಚಾಕುವಿಗೆ ಅಡಿಕೆ ಹಾಳೆಯ ಒರೆ ಹೊಲಿದೆ. ಹಗುರ, ಚಂದ. ತಲೆಕೆಳಗಾಗಿ ಹತ್ತು ಸಲ ಕೊಡವಿದರೆ ನಾಲ್ಕು ಸಲ ಬಿತ್ತು, ಒಂದು ಸಲ ನೇರ ಕಾಲಿನ ಹೆಬ್ಬೆರಳ ಪಕ್ಕಕ್ಕೆ. ಅಂಗಡಿಯಲ್ಲಿ ನನ್ನ ಚೂರಿ ಇಲ್ಲ ಎಂದು ಮೇ ಕೊನೆಯ ವಾರದಲ್ಲಿ ಬರೆದುಕೊಂಡೆ.

ಜೂನ್‌ನಲ್ಲಿ ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಕಡೆ ಒಬ್ಬ ಹಿರಿಯ ಆಚಾರಿಯವರ ಕುಲುಮೆಗೆ ಹೋದೆ. ಕತ್ತಿ ಕುಡುಗೋಲು ಮಾಡುವುದರಲ್ಲಿ ಹೆಸರಾದವರು. ನನ್ನ ರಟ್ಟಿನ ಚೂರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ತಂಗಿ, ಇದ್ರ ತುದಿ ಎಲ್ಲಿ? ಕತ್ತರಿ ಜಾರಿತಾ?"

"ಇಲ್ಲ. ತುದಿ ಉರುಟಾಗೇ ಇರಬೇಕು. ಮೊನೆ ಬೇಡ."

"ಮೊನೆ ಬೇಡ? ಮೊನೆ ಇಲ್ದಿದ್ದ ಚೂರಿ ಮಾಡಿ ಕೊಟ್ರೆ ನಾಳೆ ಊರವ್ರು ನನ್ನ ಕಣ್ಣು ಹೋತು ಅಂತಾರೆ."

ನಾನು ವಿವರಿಸಿದೆ. ಕೊರಳಲ್ಲಿ ತೂಗಿದಾಗ ತುದಿ ಗಂಟಲಿನ ಕಡೆಗೇ ಇರುತ್ತದೆ. ಪೊಟರೆಯೊಳಗೆ ಕಾಣದೆ ಕೈ ಹಾಕುವಾಗ ಮೊನೆ ಇದ್ದರೆ ರಾಣಿಹುಳಕ್ಕೆ ಚುಚ್ಚಬಹುದು. ಕೊಯ್ಯುವುದು ಅಂಚಿನ ಕೆಲಸ, ಮೊನೆಗೆ ಇಲ್ಲಿ ಕೆಲಸವೇ ಇಲ್ಲ. ಬೆನ್ನು ಮಾತ್ರ ನೇರವಾಗಿ, ಕೋನ ಚೂಪಾಗಿ ಇರಬೇಕು, ಗೋಡೆಗಂಟಿದ ಮೇಣ ಕೆರೆಯಲು. ಅವರು ಸೇದುತ್ತಿದ್ದ ಬೀಡಿ ಆರಿಸಿ ಕೇಳಿಸಿಕೊಂಡರು. ಕೊನೆಗೆ "ನೀವು ಲೆಕ್ಕ ಹಾಕ್ಕಂಡೇ ಬಂದೀರಿ, ನಾನೇನು ಹೇಳೂದು" ಎಂದು ಮೂಲೆಯಿಂದ ಮರ ಕೊಯ್ಯುವ ಗರಗಸದ ಹಳೆಯ ಅಲಗಿನ ತುಂಡೊಂದನ್ನು ಎಳೆದರು. ಒರೆಯನ್ನು ಹಲಸಿನ ಮರದಲ್ಲಿ ಅವರೇ ಕೆತ್ತಿದರು, ಎರಡು ಹೋಳು ಮಾಡಿ ಅಂಟಿಸಿ ದಾರ ಸುತ್ತಿ.

ಜುಲೈ ಹನ್ನೆರಡಕ್ಕೆ ಚೂರಿ ಕೈಗೆ ಬಂತು. ಒರೆ ಸೇರಿ ಎಪ್ಪತ್ತೆರಡು ಗ್ರಾಂ. ಅಲ್ಲೇ ಕುಲುಮೆಯ ಮುಂದೆ ತಲೆಕೆಳಗಾಗಿ ನೂರು ಸಲ ಕೊಡವಿದೆ. ಆಚಾರಿಯವರೂ ಎಣಿಸಿದರು. ಬಿದ್ದದ್ದು ಸೊನ್ನೆ. ಎರಡು ಬೆರಳಲ್ಲಿ ಎಳೆದರೆ ಟಪ್ಪೆಂದು ಹೊರಗೆ. ಬಸ್ಸಿನಲ್ಲಿ ಕೂತು ಶಿರಸಿ ಬರುವವರೆಗೂ ಅದರ ಹಿಡಿಯ ಮೇಲೆ ಕೈ ಇಟ್ಟುಕೊಂಡಿದ್ದೆ. ನನ್ನ ಅಳತೆಗೆ, ನನ್ನ ಕೆಲಸಕ್ಕೆ ಮಾಡಿದ ಒಂದು ವಸ್ತು ಅದಕ್ಕಿಂತ ಮೊದಲು ನನ್ನ ಬಳಿ ಇರಲಿಲ್ಲ.

ಚೂರಿ ಸಿಕ್ಕಿದ ಮೇಲೂ ಕೆಲಸ ಮುಗಿಯಲಿಲ್ಲ. ದೊಡ್ಡಪ್ಪ ಗಟ್ಟಿ ನೈಲಾನ್ ದಾರ ತಂದುಕೊಟ್ಟರು, "ಆನೆ ಕಟ್ಟಿದ್ರೂ ಹರಿತಿಲ್ಲೆ" ಎಂದು. ಆಗಸ್ಟ್‌ನಲ್ಲಿ ಒಂದು ದಿನ ಪೆಟ್ಟಿಗೆ ನೋಡಲು ಬೇಲಿಯ ಸಂದಿನಲ್ಲಿ ನುಸುಳುವಾಗ ಆ ದಾರ ಒಂದು ಮೋಟು ಗೂಟಕ್ಕೆ ಸಿಕ್ಕಿಕೊಂಡಿತು. ಕಾಲು ಜಾರಿತು. ಆನೆಗೂ ಹರಿಯದ ದಾರ ನನಗೆ ಹರಿಯುತ್ತದೆಯೇ? ಕೆಮ್ಮಿ ಕೆಮ್ಮಿ ಹೇಗೋ ಹಿಂದಕ್ಕೆ ಸರಿದು ಬಿಡಿಸಿಕೊಂಡೆ. ಕತ್ತಿನ ಮೇಲಿನ ಕೆಂಪು ಗೆರೆ ಹೋಗಲು ಐದು ದಿನ ಬೇಕಾಯಿತು, ದೊಡ್ಡಾಯಿಗೆ ಕಾಣದ ಹಾಗೆ ಐದು ದಿನವೂ ದುಪಟ್ಟಾ ಸುತ್ತಿದೆ.

ಆಮೇಲೆ ಯೋಚನೆ ಬೇರೆಯಾಯಿತು. ದಾರ ಚೂರಿಯನ್ನು ಹೊರುವಷ್ಟು ಗಟ್ಟಿ ಇರಬೇಕು, ನನ್ನನ್ನು ಹಿಡಿದಿಡುವಷ್ಟಲ್ಲ. ಹತ್ತಿಯ ದಾರವನ್ನು ಕತ್ತಿನ ಹಿಂದೆ ಎರಡು ತುಂಡು ಮಾಡಿ, ನಡುವೆ ಬೆರಳುದ್ದದ ಬಾಳೆ ನಾರಿನ ಕೊಂಡಿ ಹಾಕಿದೆ. ಅದೇ ನಾರು, ಎರಿ ಕಟ್ಟುವುದು. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯಲ್ಲಿ ಒಂಬತ್ತು ಕೊಂಡಿಗಳನ್ನು ಎಳೆದು ಹರಿದು ನೋಡಿದೆ. ಎರಡೆಳೆಯ ಕೊಂಡಿ ನಾಲ್ಕು ಕಿಲೋ ಆಸುಪಾಸಿನಲ್ಲಿ ಹರಿಯುತ್ತದೆ. ಒಣಗಿದರೆ ಇನ್ನೂ ಬೇಗ, ಹಾಗಾಗಿ ಪ್ರತಿ ಸಲವೂ ಹೊಸ ನಾರು ನೆನೆಸಿ ಕಟ್ಟಬೇಕು.

ದೊಡ್ಡಪ್ಪ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ತಲೆ ಆಡಿಸಿದರು. "ಹರಿಯದ್ದೇ ಇರ್ಲಿ ಹೇಳಿ ಎಲ್ಲ ದಾರ ಕಟ್ತ. ಹರಿಯವು ಹೇಳಿ ಕಟ್ಟಿದ್ದು ನೀನೊಬ್ಳೆಯ."

ಇನ್ನೊಂದು ತಾಪತ್ರಯ ಮಳೆಯದ್ದು. ತೇವಕ್ಕೆ ಹಲಸಿನ ಒರೆ ಉಬ್ಬಿ ಚೂರಿ ಬಿಗಿಯಾಯಿತು. ಒಲೆಯ ಹತ್ತಿರ ಒಣಗಿಸಿ, ನೀರು ಹೀರದಿರಲೆಂದು ಮೇಣ ಉಜ್ಜಿದೆ. ಗೋಡೆಯ ನಾಗಂದಿಗೆ ಹಲಗೆಯ ಮೇಲೆ ಡಬ್ಬಿಯಲ್ಲಿ ಒಂದು ಉಂಡೆ ಮೇಣ ಇತ್ತು, ಅದನ್ನೇ ತೆಗೆದುಕೊಂಡೆ. ಒರೆ ಮಿರಮಿರ ಮಿಂಚಿತು, ಚೂರಿ ನಯವಾಗಿ ಓಡಾಡಿತು. ಬರೆದುಕೊಂಡೆ: "ಸೆಪ್ಟೆಂಬರ್ ಆರು. ಒರೆಗೆ ಮೇಣ, ಮೂರು ಕೈ. ಸಮಸ್ಯೆ ಬಗೆಹರಿಯಿತು." ಆ ಡಬ್ಬಿಯಲ್ಲಿ ಅದು ಯಾಕಿತ್ತು ಎಂದು ನಾನು ಯೋಚಿಸಲಿಲ್ಲ. ಗೊತ್ತಿಲ್ಲದ ವಿಷಯವೇನಲ್ಲ ಅದು. ಸುಮ್ಮನೆ ಮರೆತೆ.

ಡಿಸೆಂಬರ್ ಹದಿನಾಲ್ಕು. ಮಧ್ಯಾಹ್ನದ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆವು. ಪೆಟ್ಟಿಗೆ ನನ್ನ ಮಡಿಲಲ್ಲಿ, ತಿದಿ ದೊಡ್ಡಪ್ಪನ ಚೀಲದಲ್ಲಿ. ಮರದ ಯಜಮಾನರು ಬೇಲಿಯ ದಣಪೆಯ ಹತ್ತಿರವೇ ಕಾಯುತ್ತಿದ್ದರು.

"ಬನ್ನಿ ಬನ್ನಿ. ಆಸ್ರಿಗೆ ಎಂತ ಆಗ್ತು, ಚಾನಾ ಮಜ್ಜಿಗೆನಾ? ಮರ ಕಡಿಯವು ನಾಡಿದ್ದೇ ಬತ್ತ. ಇವತ್ತು ತೆಗೆದ್ರೆ ಆತು, ಇಲ್ದಿದ್ರೆ ಹುಳ ಮರದ ಜೊತೆಗೇ ಹೋತು." ಅವರು ಪೆಟ್ಟಿಗೆಯನ್ನು ನೋಡಿ, ನನ್ನ ಕೊರಳನ್ನು ನೋಡಿ, ದೊಡ್ಡಪ್ಪನ ಕಡೆ ತಿರುಗಿದರು. "ತೆಗೆಯದು ನೀವಲ್ದಾ?"

"ಅಲ್ಲ. ಚೂರಿ ಕೂಸಿನ ಹತ್ರ ಇದ್ದು," ಎಂದರು ದೊಡ್ಡಪ್ಪ.

ಪೊಟರೆಯ ಬಾಯನ್ನು ಮರ ಕಡಿಯುವವರು ಹಿಂದಿನ ದಿನವೇ ಅಗಲ ಮಾಡಿಟ್ಟಿದ್ದರು. ನನ್ನ ಎದೆಯೆತ್ತರಕ್ಕಿತ್ತು. ನಾಲ್ಕು ಗಂಟೆಗೆ ಶುರು ಮಾಡಿದೆ. ತಲೆಗೆ ಟೋಪಿ, ಮುಖಕ್ಕೆ ಬಲೆ, ಬಲೆಯ ಹೊರಗೆ ಚೂರಿ. ದೊಡ್ಡಪ್ಪ ಬಲಬದಿಯಲ್ಲಿ ನಿಂತು ಎರಡು ಸಲ ಹೊಗೆ ಬಿಟ್ಟರು. ಒಳಗೆ ಏಳು ಎರಿ ಒತ್ತೊತ್ತಾಗಿ ಇಳಿಬಿದ್ದಿದ್ದವು.

ಕೈ ಎದೆಗೆ ಹೋಗುತ್ತಿತ್ತು, ಚೂರಿ ಬರುತ್ತಿತ್ತು, ಕೊಯ್ಯುತ್ತಿತ್ತು, ವಾಪಸು ಎದೆಗೆ. ಕಣ್ಣನ್ನು ಎರಿಯಿಂದ ಕೀಳಬೇಕಾಗಲೇ ಇಲ್ಲ. ಒಂದು, ಎರಡು, ಮೂರು. ನಾಲ್ಕನೆಯದು ತುಪ್ಪದ ಭಾರದ್ದು. ತ್ಯಾಗಲಿಯಲ್ಲಿ ಬಿದ್ದದ್ದು ಇಂಥದೇ. ಅಂಗೈ ಮೇಲೆ ಇಟ್ಟುಕೊಂಡು ಅಂಚು ಸವರಿದೆ, ಚೂರಿಯನ್ನು ಒರೆಗೆ ಒತ್ತಿ ನಾರು ಕಟ್ಟಿದೆ. ಏಳೂ ಎರಿ ಚೌಕಟ್ಟಿಗೇರಿ ಪೆಟ್ಟಿಗೆಗೆ ಇಳಿದಾಗ ಗಂಟೆ ಐದಾಗಲು ಹತ್ತು ನಿಮಿಷ ಇತ್ತು. ಚೂರಿಯನ್ನು ಒರೆಯಿಂದ ಎಳೆದದ್ದು ಮೂವತ್ತೆಂಟು ಸಲ, ನಾನೇ ಮನಸ್ಸಿನಲ್ಲಿ ಎಣಿಸಿದ್ದು. ಹುಡುಕಿದ್ದು ಸೊನ್ನೆ.

ಆದರೆ ಹುಳಗಳು ಪೆಟ್ಟಿಗೆಗೆ ಇಳಿಯುತ್ತಿರಲಿಲ್ಲ. ಹೋದವೂ ತಿರುಗಿ ಹೊರಗೆ ಬರುತ್ತಿದ್ದವು. ರಾಣಿ ಇದ್ದಲ್ಲಿ ಸಂಸಾರ. ಪೆಟ್ಟಿಗೆಯಲ್ಲಿ ರಾಣಿ ಇಲ್ಲ. ಹೊಗೆ ಹಿಡಿದವರು ಮಾತಾಡಬಾರದು, ಹಾಗಾಗಿ ದೊಡ್ಡಪ್ಪ ಮಾತಾಡಲಿಲ್ಲ. ನಾನೇ ಹೇಳಿದೆ.

"ರಾಣಿ ಬೈಂದಿಲ್ಲೆ ದೊಡ್ಡಪ್ಪ."

ಪೊಟರೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಇಲ್ಲ. ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಎರಡೂ ಬದಿ ನೋಡಿದೆ. ಇಲ್ಲ. ಹಾರಿ ಹೋಗಿದ್ದರೆ ಮುಗಿಯಿತು. ಕೊಯ್ಯುವಾಗ ಒತ್ತಿ ಸತ್ತಿದ್ದರೂ ಮುಗಿಯಿತು. ಎದೆಯ ಮೇಲೆ ಹುಳಗಳು ಕೂರುತ್ತಿದ್ದವು. ತುಪ್ಪ ಸಿಡಿದಿರಬೇಕು ಎಂದುಕೊಂಡು ಅವುಗಳ ಕಡೆ ಲಕ್ಷ್ಯ ಕೊಡಲಿಲ್ಲ. ಮತ್ತೊಮ್ಮೆ ಪೊಟರೆಯ ಗೋಡೆ ಕೆರೆಯಲು ಚೂರಿ ಎಳೆದೆ.

"ಕೂಸೆ, ಅಲ್ಲಾಡಡ," ಎಂದರು ದೊಡ್ಡಪ್ಪ. ತಿದಿ ಕೈಯಲ್ಲಿರುವಾಗಲೇ ಮಾತಾಡಿ, ಮೊದಲ ಸಲ ಅವರೇ ತಮ್ಮ ನಿಯಮ ಮುರಿದರು.

ನಿಂತಲ್ಲೇ ನಿಂತೆ. ಅವರು ತಿದಿಯನ್ನು ಕೆಳಗಿಟ್ಟು, ಕನ್ನಡಕವನ್ನು ಮೇಲೆ ಸರಿಸಿ, ನನ್ನ ಎದೆಯ ಹತ್ತಿರ ಬಗ್ಗಿದರು. ಒರೆ ಕಾಣುತ್ತಿರಲಿಲ್ಲ. ಒರೆಯ ಸುತ್ತ ಒಂದು ಮುಷ್ಟಿ ಗಾತ್ರದ ಹುಳದ ಗೊಂಚಲು.

"ಇದಕ್ಕೆ ಎಂತ ಮೆತ್ತಿದ್ದೆ?"

"ಮೇಣ."

"ಯಾವ ಮೇಣ?"

"ನಾಗಂದಿಗೆ ಮೇಲಿಂದು."

ಹೇಳುವಾಗಲೇ ನೆನಪಾಯಿತು. ಅದು ಖಾಲಿ ಪೆಟ್ಟಿಗೆಗೆ ಹುಳಗಳನ್ನು ಕರೆಯಲು ದೊಡ್ಡಪ್ಪ ಮಾಡಿಟ್ಟ ಮೇಣ. ಹಳೆಯ ಎರಿಯ ಮೇಣಕ್ಕೆ ಮಜ್ಜಿಗೆಹುಲ್ಲಿನ ರಸ ಹಾಕಿ ಕುದಿಸಿದ್ದು. ಮನೆ ಹುಡುಕುವ ಹುಳಗಳಿಗೆ ಅದರ ವಾಸನೆ ಬಂದರೆ ಸಾಕು, ಬಂದು ಕೂರುತ್ತವೆ. ಅದನ್ನು ಮೂರು ಕೈ ಉಜ್ಜಿಕೊಂಡು, ಮನೆ ಕಳೆದುಕೊಂಡ ಒಂದಿಡೀ ಸಂಸಾರದ ಮುಂದೆ ನಾನು ನಿಂತಿದ್ದೆ.

"ಇಲ್ಲಿದ್ದು ನೋಡು," ಎಂದರು ದೊಡ್ಡಪ್ಪ ಪಿಸುಮಾತಿನಲ್ಲಿ. "ರಾಣಿ ಇಲ್ಲೇ ಇದ್ದು. ಒರೆ ಮೇಲೆ."

ದಾರವನ್ನು ತಲೆಯ ಮೇಲಿಂದ ತೆಗೆಯುವಂತಿಲ್ಲ, ಟೋಪಿ ಬಲೆ ಎಲ್ಲ ಅಡ್ಡ. ತಾಗಿದರೆ ರಾಣಿ ಹಾರುತ್ತದೆ. ಮುಂದಿನಿಂದ ಜಗ್ಗಿದರೆ ಗೊಂಚಲು ಉದುರುತ್ತದೆ. ಚೂರಿ ನನ್ನ ಬಲಗೈಯಲ್ಲಿತ್ತು. ಯಜಮಾನರು ದೂರದಿಂದ, "ದಾರ ಕೊಯ್ದುಬಿಡಿ ನೋಡನ," ಎಂದು ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ತಮ್ಮ ಕೈ ನೋಡಿಕೊಂಡರು. ನಡುಗುತ್ತಿತ್ತು. ಆ ಕೈಯಲ್ಲಿ ನನ್ನ ಕುತ್ತಿಗೆಯ ಹತ್ತಿರ ಚೂರಿ ತರಲು ಅವರು ಒಪ್ಪುವವರಲ್ಲ.

"ಚೂರಿ ಬೇಡ ದೊಡ್ಡಪ್ಪ," ಎಂದೆ. "ಹಿಂದೆ ನಾರಿದ್ದು. ಎರಡೂ ಬದಿ ಹಿಡ್ಕಂಡು ಹರಿ. ಒರೆ ಆನು ಹಿಡ್ಕತ್ತೆ."

ಚೂರಿಯನ್ನು ಪೊಟರೆಯ ಅಂಚಿನಲ್ಲಿಟ್ಟೆ. ಎಡ ಅಂಗೈಯನ್ನು ಗೊಂಚಲಿನ ಅಡಿಗೆ ಒಡ್ಡಿ, ಬಲಗೈಯಿಂದ ಒರೆಯ ಮೇಲಿನ ದಾರವನ್ನು ಚಿವುಟಿ ಹಿಡಿದೆ. ದೊಡ್ಡಪ್ಪ ನನ್ನ ಹಿಂದಕ್ಕೆ ಬಂದರು. ಕತ್ತಿನ ಹಿಂದೆ ಅವರ ಬೆರಳುಗಳ ನಡುಕ ನನಗೆ ಗೊತ್ತಾಗುತ್ತಿತ್ತು. ನಾರಿನ ಎರಡೂ ಬದಿಯ ದಾರವನ್ನು ಅವರು ಹುಡುಕಿ ಹಿಡಿದರು. ತಟ್ ಎಂದು ಸಣ್ಣ ಸದ್ದಾಯಿತು. ನನ್ನ ಕೊರಳು ಹಗುರಾಯಿತು, ಕೈಯಲ್ಲಿದ್ದ ಗೊಂಚಲು ಅಲುಗಲಿಲ್ಲ.

ಎರಡು ಹೆಜ್ಜೆ. ಎಣಿಸಿದ್ದೇನೆ, ಎರಡೇ ಹೆಜ್ಜೆ. ಒರೆಯನ್ನು ಗೊಂಚಲು ಸಮೇತ ಪೆಟ್ಟಿಗೆಯೊಳಗೆ, ಮರಿ ಇರುವ ಎರಿಯ ಪಕ್ಕದಲ್ಲಿ ಇಳಿಸಿ, ಮುಚ್ಚಳ ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆಯ ಬಾಗಿಲಲ್ಲಿ ನಾಲ್ಕೈದು ಹುಳಗಳು ಬೆನ್ನೆತ್ತಿ ನಿಂತು ರೆಕ್ಕೆ ಬೀಸತೊಡಗಿದವು. ಒಳಗೆ ರಾಣಿ ಇದೆ ಎಂದು ಹೊರಗಿನವರನ್ನು ಕರೆಯುವ ರೀತಿ ಅದು. ಪೊಟರೆಯಿಂದ, ಕೊಂಬೆಯಿಂದ, ನನ್ನ ಟೋಪಿಯಿಂದ ಹುಳಗಳು ಇಳಿದು ಸಾಲಾಗಿ ಒಳಗೆ ನಡೆದವು. ನಡೆದು ಹೋದವು, ಹಾರಿಕೊಂಡಲ್ಲ.

ದೊಡ್ಡಪ್ಪ ಕೈಯಲ್ಲಿದ್ದ ಹರಿದ ನಾರನ್ನು ತುಂಬಾ ಹೊತ್ತು ನೋಡಿದರು. "ನಾಲ್ಕು ಕಿಲೋ ಹೇಳಿದ್ಯಲೇ?" ಎಂದರು.

"ಹೌದು."

"ಯನ್ನ ಕೈಯಲ್ಲಿ ಇನ್ನೂ ನಾಲ್ಕು ಕಿಲೋ ಇದ್ದು ಹೇಳಾತು." ಆ ನಾರನ್ನು ಕಿಸೆಗೆ ಹಾಕಿಕೊಂಡರು.

ಕತ್ತಲಾಗುವ ಮೊದಲು, ಹೊರಗಿನ ಹುಳಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ಯಜಮಾನರ ಜೀಪಿನಲ್ಲಿ ಶಿರಸಿಗೆ ತಂದೆವು. ಮರುದಿನ ಬೆಳಿಗ್ಗೆಯಿಂದ ನಾನು ಬಾಗಿಲ ಮುಂದೆ ಕೂತೆ. ಮೊದಲ ದಿನ ನಾರು ಹೊರಗೆ ಬಿದ್ದದ್ದು ಸೊನ್ನೆ. ಎರಡನೇ ದಿನ ಸೊನ್ನೆ. ತ್ಯಾಗಲಿಯ ಪೆಟ್ಟಿಗೆ ಖಾಲಿಯಾದದ್ದು ಮೂರನೇ ದಿನ. ಈ ಸಲದ ಮೂರನೇ ದಿನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿದೆ. ಹತ್ತೂವರೆಗೆ ಒಂದು ಹುಳ ತನಗಿಂತ ನಾಲ್ಕು ಪಟ್ಟು ಉದ್ದದ ನಾರಿನ ಎಳೆಯನ್ನು ಹಿಂದೆ ಹಿಂದೆ ಎಳೆದುಕೊಂಡು ಬಾಗಿಲಿಗೆ ಬಂತು, ತಾನೂ ಬೀಳುವಂತಾಗಿ ಕೆಳಗೆ ಬಿಟ್ಟಿತು. ಸಂಜೆಯೊಳಗೆ ಹನ್ನೊಂದು ಎಳೆ. ಎಲ್ಲವನ್ನೂ ಹೆಕ್ಕಿ ದಿನಚರಿಯ ಆ ಪುಟಕ್ಕೆ ಅಂಟಿಸಿದ್ದೇನೆ.

ಮೂರು ವಾರದ ನಂತರ ಮುಚ್ಚಳ ತೆಗೆದಾಗ ರಾಣಿಯ ಹೊಸ ಮೊಟ್ಟೆಗಳು ಕಂಡವು. ಒರೆಯನ್ನು ತೆಗೆಯೋಣವೆಂದರೆ ಹುಳಗಳು ಅದನ್ನು ಎರಿಗೆ ಸೇರಿಸಿ ಮೇಣ ಹಾಕಿ ಭದ್ರ ಮಾಡಿದ್ದವು. ಬಿಟ್ಟುಬಿಟ್ಟೆ. ಹೆಗ್ಗರಣೆಗೆ ಹೋಗಿ ಇನ್ನೊಂದು ಒರೆ ಬೇಕೆಂದಾಗ ಆಚಾರಿಯವರಿಗೆ ಬೇಸರವಾಯಿತು.

"ಮೊದ್ಲಿಂದು ಒಡೀತಾ?"

"ಇಲ್ಲ, ಗಟ್ಟಿ ಇದೆ. ಅದರಲ್ಲಿ ಈಗ ಜೇನು ಸಂಸಾರ ಮಾಡ್ತಾ ಇದೆ."

ಅವರು ಸುತ್ತಿಗೆ ಕೆಳಗಿಟ್ಟು ಪೂರ್ತಿ ಕತೆ ಹೇಳಿಸಿಕೊಂಡರು. ಎರಡನೆಯ ಒರೆಯನ್ನು ಅಂದೇ ಕೂತು ಮಾಡಿಕೊಟ್ಟರು. ಅದಕ್ಕೆ ಕೊಬ್ಬರಿ ಎಣ್ಣೆ ಮಾತ್ರ.

ಜನವರಿಯ ಒಂದು ಬೆಳಿಗ್ಗೆ ದೊಡ್ಡಪ್ಪನಿಗೆ ಫೋನ್ ಬಂದಾಗ ನಾನು ಕಾಲೇಜಿಗೆ ಹೊರಟಿದ್ದೆ. ಸಿದ್ದಾಪುರದ ಕಡೆಯವರು ಯಾರೋ, ದೇವರ ಕೋಣೆಯ ಗೋಡೆಯೊಳಗೆ ಜೇನು ಸೇರಿದೆ, ಬಂದು ತೆಗೆದುಕೊಡಬೇಕು ಎನ್ನುತ್ತಿದ್ದರು. ದೊಡ್ಡಪ್ಪ ಎಲ್ಲ ಕೇಳಿಕೊಂಡು, ಗೋಡೆ ಕಲ್ಲಿನದೋ ಮಣ್ಣಿನದೋ ಎಂದು ವಿಚಾರಿಸಿ, ಕೊನೆಗೆ ಹೇಳಿದರು.

"ಯಾವಾಗ ಹೇಳಿ ಯನ್ನ ಕೇಳಡಿ. ಆನು ಹೊಗೆಯವ. ತಡೀರಿ, ಚೂರಿಯವಳಿಗೆ ಕೊಡ್ತೆ."

ಫೋನನ್ನು ನನ್ನ ಕಡೆ ಚಾಚಿದರು. ಎಡಗೈಯಲ್ಲಿ ಹಿಡಿದೆ. ಬಲಗೈ ತಾನಾಗಿಯೇ ಎದೆಗೆ ಹೋಯಿತು. ಅಲ್ಲೇ ಇತ್ತು.